ಅಣ್ಣನ ಮುಖವಾಡ ಬಿಚ್ಚಿಸಿದ್ದು

ಅಣ್ಣ ತೀರಿಕೊಂಡ ಐದನೆಯ ದಿನ ಕಲಬುರಗಿಯ ನೆಂಟರೊಬ್ಬರು ಮಾತಾಡಿಸಲು ಕಮಲಾಪುರಕ್ಕೆ ಬಂದರು. ಪಡಸಾಲೆಯಲ್ಲಿ ಕುಳಿತು ಚಹಾ ಕುಡಿದು, ನನ್ನ ತೊಡೆಯ ಮೇಲೆ ಕೈಯಿಟ್ಟು, "ನೀ ಏನ್ ಕಡಿಮಿ ಮಾಡಿಲ್ಲ ಬಿಡಪಾ. ಮುಚ್ಚಿಹೋದ ಕುಸ್ತಿ ಕಂಪನಿ ಅಣ್ಣನ ಸಲುವಾಗಿ ಮತ್ತ ಎಬ್ಬಿಸಿದಿ. ಯಾವ ತಮ್ಮ ಮಾಡ್ತಾನ ಹಿಂಗ?" ಅಂದರು. ಒಳಬಾಗಿಲಲ್ಲಿ ವೈನಿ ನಿಂತಿದ್ದರು, ಅಣ್ಣನ ಹೆಂಡತಿ. ಅವರು ಖಾಲಿ ಕಪ್ಪು ಎತ್ತಿಕೊಂಡು ಒಳಗೆ ಹೋದರು. ನಾನು ಹೌದು ಅನ್ನಲಿಲ್ಲ, ಅಲ್ಲ ಅನ್ನಲಿಲ್ಲ. ತಲೆ ತಗ್ಗಿಸಿ ಕುಳಿತೆ. ನೆಂಟರು ಅದನ್ನು ದುಃಖ ಅಂದುಕೊಂಡರು.

ಆ ಕಂಪನಿಯನ್ನು ಯಾಕೆ ಎಬ್ಬಿಸಿದೆ ಎಂಬುದಕ್ಕೆ ನಾನು ಒಬ್ಬೊಬ್ಬರಿಗೆ ಒಂದೊಂದು ಕಾರಣ ಹೇಳಿದ್ದೇನೆ. ಈಗ ನಿಜವಾದದ್ದನ್ನು ಬರೆಯಬೇಕು ಅನ್ನಿಸಿದೆ. ನನ್ನ ಓದು ಹತ್ತನೆಯ ಇಯತ್ತೆಯವರೆಗೆ. ಕೆಲಸ ಬೋರ್ಡು ಬರೆಯುವುದು. ಅಂಗಡಿಯ ಹೆಸರು, ಡಾಕ್ಟರರ ಹೆಸರು, ಲಾರಿಯ ಹಿಂದಿನ ಮಾತು, ಇವೆಲ್ಲ ಬರೆದು ರೂಢಿಯಿದೆ. ಇಷ್ಟು ಉದ್ದದ್ದನ್ನು ಬರೆದು ರೂಢಿಯಿಲ್ಲ.

ಎಂಬತ್ತರ ದಶಕದ ಮೊದಲಿಗೆ ನಾನು ಕಮಲಾಪುರ ಬಿಟ್ಟು ಕಲಬುರಗಿಗೆ ಬಂದು ಮೋಮಿನಪುರದಲ್ಲಿ ಒಂದು ಖೋಲಿ ಹಿಡಿದಿದ್ದೆ. ಅದೇ ಓಣಿಯಲ್ಲಿ ಕುಸ್ತಿ ಕಂಪನಿಯ ಮಾಲೀಕರಿದ್ದರು. ಎಲ್ಲರೂ ಅವರನ್ನು ಸಾಹೇಬರು ಅನ್ನುತ್ತಿದ್ದರು, ನಾನೂ ಹಾಗೇ ಅನ್ನುತ್ತೇನೆ. ಅವರ ಕಂಪನಿಯ ಗುರುತು ಹುಲಿಯ ತಲೆ. ಹಳದಿ ಹಿನ್ನೆಲೆ, ಕೆಂಪು ಹುಲಿ, ಬಾಯಿ ತೆರೆದದ್ದು. ಆ ಹುಲಿ ಗೋಡೆಯ ಮೇಲೆ ಕಂಡರೆ ಸಾಕು, ಮುಂದಿನ ಆದಿತ್ಯವಾರ ಮೈದಾನದಲ್ಲಿ ಫ್ರೀಸ್ಟೈಲ್ ಕುಸ್ತಿ ಇದೆ ಎಂದು ಅಕ್ಷರ ಬಾರದವರಿಗೂ ತಿಳಿಯುತ್ತಿತ್ತು. ಹಲಗೆ ಜೋಡಿಸಿ, ಮೇಲೆ ಹುಲ್ಲು, ಅದರ ಮೇಲೆ ತಾಡಪತ್ರಿ, ಸುತ್ತ ಹಗ್ಗ. ಟಿಕೀಟು ಇಟ್ಟು ಆಡಿಸುವ ಕುಸ್ತಿ. ಯಾರು ಗೆಲ್ಲಬೇಕು, ಯಾರು ಬೀಳಬೇಕು ಎಂಬುದು ಅವತ್ತು ಮುಂಜಾನೆ ಸಾಹೇಬರ ಮನೆಯ ಚಹಾದ ಮುಂದೆಯೇ ತೀರ್ಮಾನವಾಗುತ್ತಿತ್ತು. ನನ್ನ ಕೆಲಸ ಎರಡು: ಹುಲಿ ಬರೆಯುವುದು, ಮೈಕಿನಲ್ಲಿ ಕೂಗುವುದು.

ಅಣ್ಣ ಕಮಲಾಪುರದ ತಾಲೀಮಿನಲ್ಲಿ ಬೆಳೆದವನು. ತಾಲೀಮು ಅಂದರೆ ನಮ್ಮಲ್ಲಿ ಗರಡಿಮನೆ. ಅಲ್ಲಿ ಅಖಾಡದ ಕೆಂಪು ಮಣ್ಣೇ ದೇವರು. ಅಲ್ಲಿ ಕುಸ್ತಿ ಸೋತರೆ ಯಾರೂ ಹಂಗಿಸುವುದಿಲ್ಲ. ಆದರೆ ಮೊದಲೇ ಮಾತಾಡಿಕೊಂಡು ಸೋತವನನ್ನು ಮಾತ್ರ ಮತ್ತೆ ಆ ಮಣ್ಣಿಗೆ ಇಳಿಸುವುದಿಲ್ಲ. ಹಾಗೆ ಮಾತಾಡಿಕೊಂಡು ಆಡುವುದಕ್ಕೆ ನೂರಾ ಕುಸ್ತಿ ಅನ್ನುತ್ತಾರೆ. ಆ ಮಾತನ್ನು ಬೈಗುಳದ ಹಾಗೆ ಬಳಸುತ್ತಾರೆ.

ಹೀಗಿದ್ದರೂ ಅವನನ್ನು ಸಾಹೇಬರ ಹತ್ತಿರ ಕರೆದುಕೊಂಡು ಹೋದವನು ನಾನೇ. ಅಪ್ಪ ತೀರಿಹೋಗಿದ್ದ, ಮನೆ ನಡೆಯಬೇಕಿತ್ತು, ಅಣ್ಣನ ಬಲ ಭುಜ ಒಂದು ಕುಸ್ತಿಯಲ್ಲಿ ಹೋಗಿ ದೊಡ್ಡ ಪಂದ್ಯಗಳಿಗೆ ಕರೆಯುವುದು ನಿಂತಿತ್ತು. ಸಾಹೇಬರು ಅವನ ಕುತ್ತಿಗೆ, ತೊಡೆ ಮುಟ್ಟಿ ನೋಡಿದರು. "ಮಾಶಾ ಅಲ್ಲಾ," ಅಂದರು. ಆಮೇಲೆ, "ಇವರ ಮುಖ ನಮಗ ಬ್ಯಾಡ ಪೇಂಟರ್. ಮುಖ ಕಮಲಾಪುರದಾಗೇ ಇರಲಿ, ಅಲ್ಲಿ ಅದಕ್ಕ ಇಜ್ಜತ್ ಅದ. ಮೈ ಅಷ್ಟೇ ನಮಗ ಕೊಡ್ರಿ." ಓಣಿಯ ದರ್ಜಿಯ ಹತ್ತಿರ ಒಂದು ಕರಿಯ ಮುಖವಾಡ ಹೊಲಿಸಿದರು. ಹಿಂದೆ ಲಾಡಿ ಹಾಕಿ ಕಟ್ಟುವಂಥದ್ದು. ಅದನ್ನು ಪ್ರತಿ ಸಲ ಸಾಹೇಬರೇ ತಮ್ಮ ಕೈಯಿಂದ ಕಟ್ಟುತ್ತಿದ್ದರು, ಬೇರೆಯವರಿಗೆ ಮುಟ್ಟಗೊಡುತ್ತಿರಲಿಲ್ಲ. ಯಾವ ಪೈಲ್ವಾನನನ್ನೂ ಅವನ ಊರಿನವರ ಮುಂದೆ ಇಳಿಸಬಾರದು ಎಂಬುದು ಅವರ ಕಾನೂನು.

ಕರಿಯ ಮುಖವಾಡದವನು ಯಾವಾಗಲೂ ಸೋಲಬೇಕು. ಅವನನ್ನು ಮಂದಿ ದ್ವೇಷಿಸಬೇಕು. ದ್ವೇಷಿಸುವ ಹಾಗೆ ಮಾಡುವುದು ನನ್ನ ಕೆಲಸ. "ನೋಡ್ರಿ, ನೋಡ್ರಿ, ಊರಿಲ್ಲ, ಕೇರಿಲ್ಲ, ಮಂದಿಗಿ ಮುಖ ತೋರಿಸೋ ಧೈರ್ಯ ಇಲ್ಲ, ಬಂದಾನ ನೋಡ್ರಿ!" ಎಂದು ಮೈಕಿನಲ್ಲಿ ಕೂಗುತ್ತಿದ್ದೆ. ಮೈದಾನವೆಲ್ಲ ಸಿಳ್ಳೆ. ಮರುದಿನ ಅದೇ ಅಣ್ಣನ ಜೊತೆ ಕಮಲಾಪುರದ ಬಸ್ಸು ಹತ್ತುತ್ತಿದ್ದೆ.

"ನಿನ್ನಿ ಬಾಳ ಬೈದಿ ನೋಡಪಾ," ಅನ್ನುತ್ತಿದ್ದ. "ಯಾವನವ ಸೂಳೇಮಗ ಅಂತ ನನಗೇ ಸಿಟ್ಟು ಬಂತು."

"ಮಂದಿಗಿ ಬೇಕಲ್ಲಣ್ಣ."

"ಬೈಯಿ, ಬೈಯಿ. ಬರೇ ಅವ್ವನ ಸುದ್ದಿಗಿ ಹೋಗಬ್ಯಾಡ. ಇಬ್ಬರದೂ ಒಬ್ಬಾಕಿನೇ ಅದಾಳ."

ಅವನು ಬೀಳುವುದನ್ನು ನೋಡಬೇಕಿತ್ತು. ತಲೆಯ ಮೇಲೆ ಎತ್ತಿ ಒಗೆದರೂ ಹಲಗೆ ಬಡಿದ ಸದ್ದು ಬರುತ್ತಿತ್ತೇ ಹೊರತು ಒಂದು ಗಾಯವೂ ಆಗುತ್ತಿರಲಿಲ್ಲ, ಎತ್ತಿದವನಿಗೂ ಆಗುತ್ತಿರಲಿಲ್ಲ. "ಬೀಳಸೋದು ಯಾರಿಗಿ ಬೇಕಾದ್ರೂ ಬರ್ತದ," ಅನ್ನುತ್ತಿದ್ದ. "ಬೀಳೋ ಮುಂದ ಎತ್ತಿದವನ ಸೊಂಟನೂ ಕಾಯಬೇಕು. ಅದು ಯಾರಿಗಿ ಬರ್ತದ ಹೇಳು?"

ವಿಡಿಯೋ ಬಂತು, ಮನೆಮನೆಗೆ ಟಿ.ವಿ. ಬಂತು, ಸಾಹೇಬರ ಕಣ್ಣು ಮಂಜಾಯಿತು. ಒಂದು ವರ್ಷ ಮಳೆಗಾಲ ಮುಗಿದ ಮೇಲೆ ಹಲಗೆ ಹೊರಗೆ ಬರಲೇ ಇಲ್ಲ. ಯಾರೂ ಮುಚ್ಚಿತು ಎಂದು ಹೇಳಲಿಲ್ಲ, ಮುಚ್ಚಿತು ಅಷ್ಟೇ. ಅಣ್ಣ ಕಮಲಾಪುರಕ್ಕೆ ಹೋಗಿ ಕೆಂಪು ಬಾಳೆಯ ಗೊನೆಗಳನ್ನು ಲಾರಿಗೆ ಏರಿಸುವ ಕೆಲಸ ಹಿಡಿದ. ಮುಂಜಾನೆ ಸಂಜೆ ತಾಲೀಮಿನಲ್ಲಿ ಹುಡುಗರಿಗೆ ಕಲಿಸತೊಡಗಿದ. ಹದಿನೈದು ವರ್ಷದಲ್ಲಿ ಅವನು ಸುತ್ತಿನ ಹಳ್ಳಿಗಳಿಗೆಲ್ಲ ಉಸ್ತಾದನಾದ. ಅವನ ಹುಡುಗರು ಬೀದರಿನ ಕಡೆ, ಸೊಲ್ಲಾಪುರದ ಕಡೆ ಹೋಗಿ ಗೆದ್ದು ಬಂದರು. ಅಖಾಡಕ್ಕೆ ಇಳಿಯುವ ಮೊದಲು ಒಬ್ಬೊಬ್ಬರೂ ಅವನ ಮುಂದೆ ಬಗ್ಗಬೇಕು, ಅವನು ಒಂದು ಚಿಟಿಕೆ ಕೆಂಪು ಮಣ್ಣು ಎತ್ತಿ ಅವರ ಭುಜಕ್ಕೆ ಹಚ್ಚಬೇಕು. ಆಮೇಲೇ ಕುಸ್ತಿ. ಕರಿಯ ಮುಖವಾಡದ ಸಂಗತಿ ಅಲ್ಲಿ ಒಬ್ಬರಿಗೂ ಗೊತ್ತಿರಲಿಲ್ಲ. ಗೊತ್ತಾದರೆ ಆ ಮಣ್ಣು ಮುಟ್ಟುವ ಹಕ್ಕು ಅವನಿಗೆ ಉಳಿಯುವುದಿಲ್ಲ ಎಂಬುದು ನನಗೆ ಗೊತ್ತಿತ್ತು. ನನಗೆ ಗೊತ್ತಿರಲಿಲ್ಲ ಎಂದು ಆಮೇಲೆ ಒಂದಿಬ್ಬರ ಮುಂದೆ ಹೇಳಿದ್ದೇನೆ. ಅದು ಸುಳ್ಳು.

ನಾನು ಊರಿಗೆ ಹೋದಾಗ ಅಂಗಡಿಕಟ್ಟೆಯ ಮೇಲೆ ಕುಳಿತವರು, "ಯಾರಿವ್ರು?" ಅನ್ನುತ್ತಿದ್ದರು.

"ಉಸ್ತಾದ್ರ ತಮ್ಮ ಅಲ್ಲೇನ್ರಿ."

"ತಮ್ಮ? ಮೈ ನೋಡಿದ್ರ ಉಸ್ತಾದ್ರ ಕೈಯಾನ ಬಡಿಗಿ ಇದ್ದಂಗ ಅದಾನಲ್ಲೋ!"

ನಾನೂ ಅವರ ಜೊತೆ ನಗುತ್ತಿದ್ದೆ.

ಎರಡು ಸಾವಿರದ ಇಸವಿ ದಾಟಿತ್ತು. ಕೇಬಲ್ಲಿನಲ್ಲಿ ಪರದೇಶದ ಕುಸ್ತಿ ಬರುತ್ತಿತ್ತು. ಸೇಡಂ ರಸ್ತೆಯ ನನ್ನ ಅಂಗಡಿಯ ಮುಂದೆ ಶಾಲೆಯ ಹುಡುಗರು ಆ ಪೈಲ್ವಾನರ ಚಿತ್ರದ ಕಾರ್ಡು ಹಿಡಿದುಕೊಂಡು ಜಗಳಾಡುತ್ತಿದ್ದರು. ಆ ಪೈಲ್ವಾನರಲ್ಲಿ ಕೆಲವರು ಮುಖವಾಡದವರೂ ಇದ್ದರು. ಕಂಪ್ಯೂಟರಿನಲ್ಲಿ ಕತ್ತರಿಸಿ ಅಂಟಿಸುವ ಅಕ್ಷರ ಬಂದು ಕುಂಚದ ಕೆಲಸ ಕಡಿಮೆಯಾಗಿತ್ತು. ನನಗೆ ಹುಲಿ ನೆನಪಾಯಿತು.

ಸಾಹೇಬರ ಮನೆಗೆ ಹೋಗಿ, "ನಿಮ್ಮ ಹೆಸರು ಅಳಿಸಿ ಹೋಗಬಾರದು ಸಾಹೇಬ್ರ, ಅದಕ್ಕ ಮತ್ತ ಎಬ್ಬಿಸ್ತೀನಿ," ಅಂದೆ. ಅವರಿಗೆ ಅಷ್ಟರಲ್ಲಿ ಕಣ್ಣು ಪೂರ್ತಿ ಹೋಗಿತ್ತು. ನನ್ನ ಧ್ವನಿ ಬಂದ ಕಡೆ ಮುಖ ಮಾಡಿ, "ಹೆಸರು ಬೇಕು ಅಂದ್ರ ಕಾನೂನೂ ತಗೊಂಡು ಹೋಗು ಬೇಟಾ. ಎರಡೂ ಒಂದೇ ಗಂಟಿನ್ಯಾಗ ಅವ," ಅಂದರು. ತಗೊಂಡೆ ಅಂದೆ. ಮನೆಯಲ್ಲಿ ಹೆಂಡತಿಗೆ, ಕೆಲಸ ಕಡಿಮೆಯಾಗಿದೆ, ಏನಾದರೂ ಮಾಡಬೇಕಲ್ಲ ಅಂದೆ. ಅಣ್ಣನಿಗೆ, ತಾಲೀಮಿನ ಚಾವಣಿಯ ಪತ್ರಾ ಸೋರುತ್ತದೆ, ಇದರಿಂದ ಹೊಸದು ಹಾಕಿಸೋಣ ಅಂದೆ. ಪ್ರತಿಯೊಂದರಲ್ಲೂ ಚೂರುಪಾರು ನಿಜವಿತ್ತು. ಅದಕ್ಕೇ ಹೇಳುವಾಗ ನಾಲಿಗೆ ತಡೆಯಲಿಲ್ಲ.

ಅಣ್ಣ ಮೊದಲು ಒಪ್ಪಲಿಲ್ಲ. ಕಮಲಾಪುರದ ಬಸ್‌ಸ್ಟ್ಯಾಂಡಿನ ಕಲ್ಲಿನ ಮೇಲೆ ಕುಳಿತಿದ್ದೆವು.

"ನಂಗ ಐವತ್ತು ಬಂತಪಾ. ಮುದುಕನ್ನ ಒಗಿಸಿ ಏನ್ ಮಾಡ್ತಿ?"

"ನಿನ್ನಂಗ ಬೀಳೋರು ಯಾರದಾರಣ್ಣ? ಹೊಸ ಹುಡುಗೂರ ಕೈಯಾಗ ಕೊಟ್ರ ಒಬ್ಬರಿಗೊಬ್ಬರು ಮುರಕೋತಾರ."

ಅದು ಅವನಿಗೆ ನಾಟಿತು. ನಾಟುತ್ತದೆ ಎಂದು ತಿಳಿದೇ ಆಡಿದ ಮಾತು. ಕೊನೆಗೆ, "ಮೂರು ಸಲ," ಅಂದ. "ಕಲಬುರಗಿಯಾಗ ಅಷ್ಟೇ. ಹುಡುಗೂರು ತಯಾರಾಗೋತನ. ಮತ್ತ ಮುಖ ಮಾತ್ರ ಕೇಳಬ್ಯಾಡ ನೀ. ನಾ ಇಲ್ಲಿ ಹುಡುಗೂರಿಗಿ ಏನ್ ಹೇಳ್ತೀನಿ ಗೊತ್ತದಲ್ಲ? ಸೋಲ್ರಿ, ಮಾರ್ಕೋಬ್ಯಾಡ್ರಿ ಅಂತೀನಿ. ಹಂತಾದ್ರಾಗ..."

"ಛೇ, ನಾ ಏನ್ ಹುಚ್ಚ ಏನಣ್ಣ," ಅಂದೆ.

ಹುಲಿಯನ್ನು ಮತ್ತೆ ಬರೆದೆ. ಗೋಡೆಗಳ ಮೇಲೆ, ಬಟ್ಟೆಯ ಮೇಲೆ, ಕಾಗದದ ಮೇಲೆ. ಕಾಗದದ ಪೋಸ್ಟರುಗಳಲ್ಲಿ ನಾಲ್ಕನ್ನು ನಾನೇ ಒಯ್ದು ಕಮಲಾಪುರದ ಬಸ್‌ಸ್ಟ್ಯಾಂಡಿನಲ್ಲಿ ಅಂಟಿಸಿದೆ. ಅಣ್ಣ ಅಲ್ಲಿ ಕುಸ್ತಿ ಆಡಿಸಬೇಡ ಅಂದಿದ್ದ, ಪೋಸ್ಟರು ಹಚ್ಚಬೇಡ ಅಂದಿರಲಿಲ್ಲ. ಪೋಸ್ಟರಿನ ಕೆಳಗೆ ನನ್ನ ಹೆಸರಿತ್ತು, ಈ ಸಲ ಬರೆದವನು ಅಂತಲ್ಲ, ಮಾಲೀಕ ಅಂತ. ಅದನ್ನು ಅಂಗಡಿಕಟ್ಟೆಯವರು ಓದಬೇಕಿತ್ತು. ಇಷ್ಟೇ. ಆ ಕಂಪನಿಯನ್ನು ನಾನು ಎಬ್ಬಿಸಿದ್ದು ಸಾಹೇಬರ ಹೆಸರಿಗಲ್ಲ, ತಾಲೀಮಿನ ಪತ್ರಾಕ್ಕೂ ಅಲ್ಲ. ನನ್ನ ಊರಿನಲ್ಲಿ ಉಸ್ತಾದರ ತಮ್ಮ ಎಂಬುದನ್ನು ಬಿಟ್ಟು ಬೇರೆ ಏನಾದರೂ ಆಗಬೇಕಿತ್ತು.

ಮೊದಲ ಸಲ ಮಂದಿ ಬಂದರು, ಏನೋ ನೋಡೋಣ ಎಂದು. ಎರಡನೆಯ ಸಲ ಅರ್ಧ ಮೈದಾನ. "ಕುರ್ಚಿಲೇ ಹೊಡೀರೋ, ಟಿವಿಯಾಗ ಹೊಡದಂಗ!" ಎಂದು ಕೂಗಿದರು. ಮೂರನೆಯ ಆದಿತ್ಯವಾರ ಮಧ್ಯಾಹ್ನ ಮೈಕು ಹಿಡಿದು ನಿಂತಾಗ ಮುಂದಿನ ಸಾಲುಗಳಷ್ಟೇ ತುಂಬಿದ್ದವು. ಆಗ ಮೂರನೆಯ ಸಾಲಿನಲ್ಲಿ ಕಮಲಾಪುರದ ತಾಲೀಮಿನ ಆರು ಮಂದಿ ಹುಡುಗರು ಕುಳಿತಿರುವುದು ಕಂಡಿತು. ಪೋಸ್ಟರು ನೋಡಿ ಬಸ್ಸು ಹತ್ತಿ ಬಂದಿದ್ದರು. ಅವರಲ್ಲಿ ಒಬ್ಬ ಅಣ್ಣನ ಹಿರಿಯ ಶಿಷ್ಯ. ನನ್ನನ್ನು ಕಂಡು ಕೈಯೆತ್ತಿದ. ಮುಖವಾಡದೊಳಗೆ ಯಾರಿದ್ದಾರೆ ಎಂಬುದು ಅವರಿಗೆ ಕನಸಿನಲ್ಲೂ ಬಂದಿರಲಾರದು.

ಕುಸ್ತಿ ನಡೆದಿತ್ತು. ಹೊಸ ಹುಡುಗನಿಗೆ ಅಣ್ಣ ಮೆಲ್ಲಗೆ ಹೇಳಿಕೊಡುತ್ತಲೇ ಆಡುತ್ತಿದ್ದ. ಮಂದಿಗೆ ಬೇಸರ ಬಂದಿತ್ತು. ನಾನು ಹಳೆಯ ಮಾತುಗಳನ್ನೇ ಕೂಗುತ್ತಿದ್ದೆ, ಊರಿಲ್ಲ, ಕೇರಿಲ್ಲ. ಹಿಂದಿನಿಂದ ಯಾರೋ, "ಏ ಪೇಂಟರ್, ಬೋರ್ಡ್ ಬರಿ ಹೋಗೋ! ಇದು ನಿಂದಲ್ಲ ಕೆಲಸ!" ಎಂದು ಕೂಗಿದ. ಎಲ್ಲರೂ ನಕ್ಕರು. ಕಮಲಾಪುರದ ಹುಡುಗರೂ ನಕ್ಕರು.

ನಾನು ಅಂದೆ: "ಇವತ್ತ ಈ ಕರೇ ಮುಖವಾಡದವ ಚಿತ್ ಆದ್ರ, ಇಲ್ಲೇ, ನಿಮ್ಮ ಎದುರಿಗೇ, ಮುಖವಾಡ ಬಿಚ್ಚಬೇಕು!"

ಟಿ.ವಿ.ಯಲ್ಲಿ ಅಂಥದ್ದೊಂದನ್ನು ನೋಡಿದ್ದೆ. ಯಾರನ್ನೂ ಕೇಳಿರಲಿಲ್ಲ. ಬಾಯಿಂದ ಬಂತು ಎಂದು ಹೇಳಬಹುದು, ಆದರೆ ಹಾಗೆ ಬಂದದ್ದಲ್ಲ. ಆ ಹುಡುಗರನ್ನು ನೋಡಿಯೇ ಹೇಳಿದೆ. ಮೈದಾನವೆಲ್ಲ ಎದ್ದು ನಿಂತಿತು. ಹೊರಗೆ ನಿಂತಿದ್ದವರೂ ಓಡಿ ಬಂದರು. ಅಷ್ಟು ಸಿಳ್ಳೆ ಎಂಬತ್ತರ ದಶಕದಲ್ಲೂ ಬಿದ್ದಿರಲಿಲ್ಲ. ನನಗೆ ಎಷ್ಟು ಖುಷಿಯಾಯಿತು ಎಂಬುದನ್ನು ಬರೆಯದೆ ಬಿಟ್ಟರೆ ಇದೆಲ್ಲ ಬರೆದದ್ದು ವ್ಯರ್ಥ.

ಅಣ್ಣ ಒಂದು ಕ್ಷಣ ನಿಂತು ನನ್ನ ಕಡೆ ನೋಡಿದ. ಕರಿಯ ಬಟ್ಟೆಯೊಳಗೆ ಕಣ್ಣು ಮಾತ್ರ ಕಾಣುತ್ತಿತ್ತು. ಆಮೇಲೆ ಆ ಹುಡುಗರು ಕುಳಿತ ಸಾಲಿನ ಕಡೆ ನೋಡಿದ. ಅವನಿಗೂ ಅವರು ಕಂಡರು.

ಅವನು ಬೀಳದೆ ಇರಬಹುದಿತ್ತು. ಆ ಹುಡುಗ ಅವನ ಮುಂದೆ ಏನೂ ಅಲ್ಲ. ಆದರೆ ಅಷ್ಟರಲ್ಲಿ ಹುಡುಗ ಮಾತಾಡಿಕೊಂಡಂತೆ ಅವನನ್ನು ಹೆಗಲಿಗೆ ಎತ್ತಿ ಆಗಿತ್ತು. ಅರ್ಧದಲ್ಲಿ ಅಣ್ಣ ಮೈ ಬಿಗಿ ಹಿಡಿದರೆ ಎತ್ತಿದವನ ಸೊಂಟ ಹೋಗುತ್ತಿತ್ತು. ಅಣ್ಣ ಬಿದ್ದ. ಯಾವಾಗಲೂ ಬೀಳುವ ಹಾಗೆಯೇ, ಹುಡುಗನಿಗೆ ಒಂದು ತರಚೂ ಆಗದ ಹಾಗೆ.

"ಬಿಚ್ಚು! ಬಿಚ್ಚು!" ಎಂದು ಮಂದಿ ಕೂಗತೊಡಗಿದರು. ಆಗಲೂ ನಾನು ಮೈಕು ಕೆಳಗಿಟ್ಟು ಏನಾದರೂ ಹೇಳಬಹುದಿತ್ತು. ಅಣ್ಣ ಎದ್ದು ಕುಳಿತು ಹಿಂದೆ ಕೈ ಹಾಕಿದ. ಭುಜ ಮೇಲಕ್ಕೆ ಏಳಲಿಲ್ಲ. ಅವತ್ತು ಗಂಟು ಹಾಕಿದವನು ನಾನೇ, ಬಿಗಿಯಾಗಿ ಹಾಕಿದ್ದೆ. ಅವನು ನನ್ನನ್ನು ಕೈಸನ್ನೆ ಮಾಡಿ ಕರೆದ. ಹಗ್ಗ ದಾಟಿ ಹೋಗಿ ಅವನ ಹಿಂದೆ ಮಂಡಿಯೂರಿದೆ. ಬೆವರಿನಲ್ಲಿ ಲಾಡಿ ನೆಂದು ಗಂಟು ಕಲ್ಲಾಗಿತ್ತು. ಉಗುರು ಹಾಕಿ ಎಳೆಯತೊಡಗಿದೆ.

"ಲಗೂ ಬಿಚ್ಚಪಾ," ಅಂದ ಮೆಲ್ಲಗೆ. "ಉಸಿರು ಕಟ್ಟಲಾಕತ್ತದ."

ಬಿಚ್ಚಿದೆ. ಮತ್ತೆ ಮೈಕು ಹಿಡಿದು, "ಇವರು ನಮ್ಮ ಕಮಲಾಪುರದ ಉಸ್ತಾದ್ರು!" ಎಂದು ಕೂಗಿದೆ. ಮಂದಿ ಚಪ್ಪಾಳೆ ತಟ್ಟಿದರು, ಜೋರಾಗಿಯೇ ತಟ್ಟಿದರು. ಆ ಆರು ಮಂದಿ ತಟ್ಟಲಿಲ್ಲ. ಹಿರಿಯ ಶಿಷ್ಯ ಎದ್ದು ನಿಂತಿದ್ದ. "ಉಸ್ತಾದ್," ಅಂದದ್ದು ಸದ್ದಿನಲ್ಲಿ ಕೇಳಲಿಲ್ಲ, ತುಟಿ ಕಂಡಿತು. ಆಮೇಲೆ ಆರೂ ಜನ ಸಾಲು ಬಿಟ್ಟು ಹೊರಗೆ ಹೋದರು.

ಅಣ್ಣ ನಳದ ನೀರಿನಲ್ಲಿ ಮುಖ ತೊಳೆದು ಅಂಗಿ ಹಾಕಿಕೊಂಡ. ನಾನು ಹಿಂದೆ ಹಿಂದೆ ತಿರುಗಿದೆ. "ಮಂದಿ ಚಪ್ಪಾಳಿ ಹೊಡದ್ರಲ್ಲಣ್ಣ," ಅಂದೆ.

"ಹೂಂ, ಹೊಡದ್ರು," ಅಂದ. ಆಮೇಲೆ, "ಬಸ್ ಎಷ್ಟಕ್ಕದ?"

ಮರುದಿನ ಅವನು ಎಂದಿನಂತೆ ತಾಲೀಮಿಗೆ ಹೋದ. ಹುಡುಗರು ಬಂದಿದ್ದರು. ಯಾರೂ ಕೆಟ್ಟ ಮಾತಾಡಲಿಲ್ಲ. ಅವನ ಮುಂದೆ ಬಗ್ಗಲಿಲ್ಲ ಅಷ್ಟೇ. ಒಬ್ಬೊಬ್ಬರೇ ಅಖಾಡದ ಅಂಚಿಗೆ ಬಂದು ತಮ್ಮ ಕೈಯಿಂದಲೇ ಮಣ್ಣು ತೆಗೆದು ತಮ್ಮ ಭುಜಕ್ಕೆ ಹಚ್ಚಿಕೊಂಡು ಇಳಿದರು. ಅಣ್ಣ ಗೋಡೆಗೆ ಆತು ನೋಡುತ್ತ ಕುಳಿತಿದ್ದನಂತೆ. ಒಂದು ತಿಂಗಳು ಹಾಗೆ ಹೋಗಿ ಕುಳಿತು ಬಂದ, ಆಮೇಲೆ ಹೋಗುವುದು ಬಿಟ್ಟ. ಇದನ್ನೆಲ್ಲ ಹೇಳಿದವರು ವೈನಿ. ಸಾಹೇಬರು ಮೊಮ್ಮಗನ ಕೈಯಲ್ಲಿ ಒಂದು ಮಾತು ಕಳಿಸಿದರು: ಹೆಸರು ಅಳಿಸಿಬಿಡು. ನಾಲ್ಕನೆಯ ಕುಸ್ತಿ ಆಗಲಿಲ್ಲ. ಬಿಳಿ ಬಣ್ಣದ ಡಬ್ಬಿ ಹಿಡಿದು ನಾನೇ ಗೋಡೆಗೋಡೆಗೆ ಹೋಗಿ ಹುಲಿಗಳನ್ನು ಅಳಿಸಿದೆ. ಐವಾನ್-ಎ-ಶಾಹಿಯ ಹತ್ತಿರದ ಗೋಡೆಯಲ್ಲಿ ಎರಡು ಕೈ ಬಳಿದರೂ ಕೆಂಪು ಇಣುಕುತ್ತಿತ್ತು.

ತಾಲೀಮಿಗೆ ಹೋಗಿ, "ತಪ್ಪು ನಂದು, ಅವನಿಗಿ ಗೊತ್ತಿರಲಿಲ್ಲ," ಎಂದು ಒಂದು ಮಾತು ಹೇಳಿದ್ದರೆ ಆಗುತ್ತಿತ್ತು. ಹೋಗಲಿಲ್ಲ. ಹಬ್ಬಕ್ಕೆ ಹೋದೆ, ಮದುವೆಗೆ ಹೋದೆ, ಅಣ್ಣನ ಪಕ್ಕ ಕುಳಿತು ಉಂಡೆ. ಏಳು ವರ್ಷ. ಕೊನೆಗೆ ಸಕ್ಕರೆ ಕಾಯಿಲೆಯಿಂದ ಅವನ ಮೂತ್ರಪಿಂಡ ಕೆಟ್ಟು ಸೇಡಂ ರಸ್ತೆಯ ಆಸ್ಪತ್ರೆಯಲ್ಲಿ ಹದಿನಾರು ದಿನ ಇದ್ದಾಗ ದಿನಾಲೂ ಅವನ ಗಡ್ಡ ಹೆರೆದವನು ನಾನು. ಗಲ್ಲ ಹಿಡಿದು ಅತ್ತಿತ್ತ ಹೊರಳಿಸುವಾಗ ಇವತ್ತು ಕ್ಷಮೆ ಕೇಳಿಬಿಡೋಣ ಅನ್ನಿಸುತ್ತಿತ್ತು. ಅವನು ಪಕ್ಕದ ಮಂಚದವನ ಗೊರಕೆಯ ಬಗ್ಗೆ ಏನಾದರೂ ಹೇಳಿ ನಗಿಸುತ್ತಿದ್ದ. ಹದಿನೇಳನೆಯ ದಿನ ಮುಂಜಾನೆ ಹೋದ. ಮಣ್ಣು ಮಾಡುವಾಗ ನೆಂಟರು ಬಂದರು, ಬಾಳೆಮಂಡಿಯ ಹಮಾಲರು ಬಂದರು. ತಾಲೀಮಿನವರು ಬರಲಿಲ್ಲ.

ಹನ್ನೊಂದು ದಿನ ಮುಗಿದ ಮೇಲೆ ನಾನು ಚೀಲ ಹಿಡಿದು ಹೊರಟಾಗ ವೈನಿ ತಡೆದರು.

"ಅವತ್ತ ನೆಂಟರ ಮುಂದ ಸುಮ್ಮ ಕುಂತ್ರಿ ನೀವು," ಅಂದರು.

"ಏನ್ ಹೇಳಲಿ ವೈನಿ."

"ನಿಮ್ಮಣ್ಣ ಹೇಳಿ ಬಂದಾರ, ನಿಮಗ ಗೊತ್ತಿಲ್ಲ. ಕುಸ್ತಿ ಆದ ವಾರಕ್ಕ ತಾಲೀಮಿಗಿ ಹೋಗಿ ಎಲ್ಲಾರ ಮುಂದ ಹೇಳ್ಯಾರ. ಮುಖವಾಡ ಬಿಚ್ಚಸಂತ ತಮ್ಮಗ ಹೇಳದವ ನಾನೇ, ಅವಂದೇನೂ ತಪ್ಪಿಲ್ಲ ಅಂತ. ಯಾಕ ಹಂಗಂದ್ರಿ ಅಂತ ಕೇಳಿದೆ. ಅವ ಇನ್ನಾ ಮಂದ್ಯಾಗ ಬೋರ್ಡ್ ಬರದು ಬದುಕ್ಬೇಕು, ಅಣ್ಣನ್ನ ಮಾರಿದವ ಅಂತ ಯಾರೂ ಅನಬಾರದು ಅಂದ್ರು." ಸೆರಗಿನಿಂದ ಮುಖ ಒರೆಸಿಕೊಂಡರು. "ನೀವು ಒಂದಿನ ಬಂದು ನಿಜ ಹೇಳ್ತೀರಿ ಅಂತ ನಾ ದಾರಿ ನೋಡಿದೆ. ಅವರು ನೋಡಲಿಲ್ಲ."

ಅವತ್ತು ಬಸ್ಸು ಹತ್ತಲಿಲ್ಲ. ಸಂಜೆ ಬಿಸಿಲು ಇನ್ನೂ ಇರುವಾಗ ತಾಲೀಮಿಗೆ ಹೋದೆ. ಆ ಹಿರಿಯ ಶಿಷ್ಯನೇ ಈಗ ಕಲಿಸುತ್ತಾನೆ. ಕುತ್ತಿಗೆ ದಪ್ಪವಾಗಿದೆ, ಎರಡು ಮಕ್ಕಳ ತಂದೆ. "ಬರ್ರಿ ಕಾಕಾ," ಅಂದ, ಕಣ್ಣು ನೋಡಲಿಲ್ಲ. ನಿಂತಲ್ಲೇ ಎಲ್ಲ ಹೇಳಿದೆ. ಪೋಸ್ಟರು, ಮೈಕು, ಗಂಟು. ಅಣ್ಣ ಬಂದು ಹೇಳಿದ್ದು ಸುಳ್ಳು ಎಂದೆ.

ಅವನು ಕೈಯ ಮಣ್ಣನ್ನು ಒಂದೊಂದೇ ಬೆರಳಿನಿಂದ ಉಜ್ಜಿ ತೆಗೆದ. "ಉಸ್ತಾದ್ರು ತಮ್ಮ ಹೆಸರು ತಾವೇ ಮಾರ್ಕೊಂಡ್ರು ಅಂತ ಇಷ್ಟು ವರ್ಷ ಅನ್ಕೊಂಡಿದ್ದೆ," ಅಂದ. "ಅವರ ಮಣ್ಣಿಗಿ ಸುದ್ದಾ ಬರಲಿಲ್ಲ ನಾ."

ನಾನು ಹೊರಡಲೆಂದು ಬಾಗಿಲ ಕಡೆ ಹೆಜ್ಜೆ ಹಾಕಿದೆ.

"ನನಗೊಬ್ಬಗ ಹೇಳಿದ್ರ ಏನಾಯ್ತು ಕಾಕಾ? ಇವರೆಲ್ಲಾರಿಗಿ ಹೇಳ್ರಿ." ತಿರುಗಿ ಕೂಗಿದ, "ಏ, ನಿಂದರ್ರೋ! ಎಲ್ಲಾರೂ ಈ ಕಡಿ ಬರ್ರಿ!"

ಅಖಾಡದಿಂದ ಹನ್ನೊಂದು ಮಂದಿ ಹುಡುಗರು ಎದ್ದು ಬಂದು ನಿಂತರು. ಬೆವರು ಇಳಿಯುತ್ತಿತ್ತು, ಏದುಸಿರು ಬಿಡುತ್ತಿದ್ದರು. ಉಸ್ತಾದರು ಅವತ್ತು ತಾವಾಗಿ ಮುಖವಾಡ ಬಿಚ್ಚಿಸಲಿಲ್ಲ, ಅವರಿಗೆ ಗೊತ್ತಿಲ್ಲದೆ ನಾನು ಬಿಚ್ಚಿಸಿದೆ, ಅವರು ತಮ್ಮ ಹೆಸರು ಮಾರಿಕೊಂಡವರಲ್ಲ ಎಂದು ಹೇಳಿದೆ. ಅವರು ಮರ್ಯಾದೆಯಿಂದ ಕೇಳಿದರು. ಇಬ್ಬರು ಒಬ್ಬರನ್ನೊಬ್ಬರು ನೋಡಿಕೊಂಡರು. ಅವರಲ್ಲಿ ಹಲವರು ಏಳು ವರ್ಷದ ಹಿಂದೆ ಅಂಗಿಯಿಲ್ಲದೆ ಓಣಿಯಲ್ಲಿ ಆಡುತ್ತಿದ್ದವರು.

ಒಬ್ಬ ಕೇಳಿದ, "ಯಾವ ಉಸ್ತಾದ್ರೀ ಕಾಕಾ?"

ಪಕ್ಕದವನು ಅವನಿಗೆ ಮೊಣಕೈಯಿಂದ ತಿವಿದ. ಹಿರಿಯ ಶಿಷ್ಯ ನೆಲ ನೋಡುತ್ತಿದ್ದ. ನಾನು ಮತ್ತೆ ಮೊದಲಿನಿಂದ ಹೇಳತೊಡಗಿದೆ, ಇಲ್ಲಿ ಒಬ್ಬ ಉಸ್ತಾದರಿದ್ದರು, ನಾನು ಅವರ ತಮ್ಮ ಎಂದು.